ಕಸ್ತೂರಿಯ ಕಾಲೂ ಆಯಿಯ ಅಡುಗೆಯೂ

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ನೆಲವನ್ನು, ಅದೂ ಕಾಲಿನಿಂದ. ಹೊಸ್ತಿಲಾಚೆ ಚಪ್ಪಲಿ ಬಿಟ್ಟು ಒಳಗೆ ಹೆಜ್ಜೆಯಿಟ್ಟ ಕೂಡಲೇ ನನ್ನ ಅಂಗಾಲು ತನ್ನ ವಿಚಾರಣೆ ಶುರುಮಾಡುತ್ತದೆ. ತಣ್ಣಗಿದೆಯೋ, ಜಾರುತ್ತದೆಯೋ, ಎಲ್ಲಾದರೂ ಹರಳು ಚುಚ್ಚುತ್ತದೆಯೋ. ಸೇಡಂನಲ್ಲಿ ಈಗ ನಾವಿರುವ ಮನೆ ಕಟ್ಟಿಸುವಾಗ ಮಗನನ್ನು ಅಂಗಡಿಯಿಂದ ಅಂಗಡಿಗೆ ಅಲೆಸಿ, ಒಂದೊಂದು ಟೈಲ್ಸನ್ನೂ ನೆಲಕ್ಕೆ ಇಡಿಸಿ, ಅದರ ಮೇಲೆ ಬರಿಗಾಲಲ್ಲಿ ನಿಂತು ನೋಡಿದೆ. ಮಗ ನಮ್ಮಿಬ್ಬರಿಗೂ ಸಂಬಂಧವೇ ಇಲ್ಲವೆಂಬಂತೆ ಬೀದಿ ಕಡೆ ಮುಖ ಮಾಡಿ ನಿಂತಿದ್ದ. ಅಂಗಡಿಯವನು ತಡೆಯಲಾರದೆ ಕೇಳಿಯೇಬಿಟ್ಟ:

“ಅಕ್ಕಾರ, ಎಲ್ಲಾರೂ ಕಣ್ಣಿಲೆ ನೋಡಿ ತಗೋತಾರ್ರಿ. ನೀವೇನು ಕಾಲಿಲೆ ನೋಡ್ಲಿಕತ್ತೀರಿ?”

ಅವನಿಗೆ ಏನಂತ ಹೇಳುವುದು? ನೆಲವನ್ನು ಕಾಲಿನಿಂದ ನೋಡಲು ನನಗೆ ಕಲಿಸಿದ್ದು ಒಂದು ಕುದುರೆ ಎಂದರೆ ನಂಬುತ್ತಿದ್ದನೆ? ಆ ಕುದುರೆಗೆ ಪ್ರಶ್ನೆ ಕೇಳುವುದು ಹೇಗೆಂದು ಕಲಿಸಿದವಳು ನನ್ನ ಅವ್ವ. ಮುಂದೆ ನಾನು ಶಾಲೆಯಲ್ಲಿ ವಿಜ್ಞಾನ ಪಾಠ ಹೇಳುವವಳಾದೆ. ಆದರೆ ನನ್ನ ನಿಜವಾದ ಶಾಲೆ ದಂಡೋತಿಯ ನಮ್ಮ ಮನೆಯ ಅಂಗಳವೇ, ಅದೂ ಒಂದು ಮಳೆಗಾಲ ಮತ್ತು ಅದರ ಬೆನ್ನಿಗೆ ಬಂದ ಚಳಿಗಾಲ.

ಆ ಮನೆಯಲ್ಲಿ ಮಣ್ಣು ನೋಡಬೇಕೆಂದರೆ ಹೊರಗೆ ಹೋಗಬೇಕಿತ್ತು. ಪಡಸಾಲೆ, ಅಡುಗೆಮನೆ, ದೇವರ ಜಗಲಿ, ಬಚ್ಚಲು, ನಡುವಿನ ಅಂಗಳ, ಕಡೆಗೆ ಕೊಟ್ಟಿಗೆಗೂ ಶಹಾಬಾದಿ ಕಲ್ಲಿನ ಫರಸಿ, ಅಂದರೆ ಚಪ್ಪಡಿ ಹಾಸು. ಬೇಸಿಗೆಯ ಮಧ್ಯಾಹ್ನ ನಾನು ಅಂಗಿ ಮೇಲೆತ್ತಿ ಬರಿಹೊಟ್ಟೆಯನ್ನು ಪಡಸಾಲೆಯ ಕಲ್ಲಿಗೆ ಹಚ್ಚಿ ಮಲಗುತ್ತಿದ್ದೆ. ಒಂದು ಕಲ್ಲು ಬೆಚ್ಚಗಾದ ಮೇಲೆ ಪಕ್ಕದ ಕಲ್ಲಿಗೆ ಹೊರಳುವುದು, ಅದೂ ಬೆಚ್ಚಗಾದರೆ ಮತ್ತೊಂದಕ್ಕೆ. ಹೀಗೆ ಹೊರಳುತ್ತ ಹೊರಳುತ್ತ ಅಡುಗೆಮನೆಯ ಬಾಗಿಲಿಗೆ ಬಂದರೆ ಅಲ್ಲಿಂದ ಆಚೆ ನಮ್ಮ ಆಯಿಯ ರಾಜ್ಯ. ಆಯಿ ಎಂದರೆ ಅಪ್ಪನ ತಾಯಿ. ಮುಂಜಾನೆ ಮಿಂದು, ಹಣೆತುಂಬ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮುಗಿಸಿದ ಮೇಲೆಯೇ ಅವಳು ಒಲೆ ಹೊತ್ತಿಸುತ್ತಿದ್ದುದು. ಆ ಒಲೆಯಿಂದ ಇಳಿದದ್ದೆಲ್ಲ ಪ್ರಸಾದ. ಉಂಡ ತಾಟಿಗೆ ನೀರು ಹಾಕಿ, ಬೆರಳಾಡಿಸಿ ತೊಳೆದು, ಆ ನೀರನ್ನೂ ಕುಡಿಯಬೇಕು. ಒಂದು ಅಗುಳು ಬಿಟ್ಟರೆ ಆಯಿ ಬೈಯುತ್ತಿರಲಿಲ್ಲ, ಪಕ್ಕದಲ್ಲೇ ಕುಳಿತು ಆ ಅಗುಳನ್ನೇ ನೋಡುತ್ತಿದ್ದಳು. ಬೈದಿದ್ದರೆ ವಾಸಿಯಿತ್ತು. ಪಾತ್ರೆಯಲ್ಲಿ ಉಳಿದದ್ದರ ಕಾಯ್ದೆ ಇನ್ನೂ ಬಿಗಿ. ಅದನ್ನು ತಿಪ್ಪೆಗೆ ಹಾಕುವುದು ಪಾಪ, ತಂಗಳನ್ನು ಇನ್ನೊಬ್ಬರ ಕೈಗೆ ಕೊಡುವುದು ಅವರಿಗೆ ಅಪಮಾನ. ಹಾಗಾಗಿ ಉಳಿದದ್ದೆಲ್ಲ ಕೊಟ್ಟಿಗೆಗೆ ಹೋಗುತ್ತಿತ್ತು. ಎತ್ತು, ಎಮ್ಮೆ ಇದ್ದ ಕಾಲಕ್ಕೆ ಇದರಿಂದ ಯಾರಿಗೂ ತೊಂದರೆಯಿರಲಿಲ್ಲ. ಆಮೇಲೆ ಹೊಲಕ್ಕೆ ಬಾಡಿಗೆ ಟ್ರ್ಯಾಕ್ಟರ್ ಬಂತು, ಎತ್ತುಗಳು ಹೋದವು, ಎಮ್ಮೆ ಮುದಿಯಾಗಿ ಸತ್ತಿತು. ಕೊಟ್ಟಿಗೆಯಲ್ಲಿ ಉಳಿದವಳು ಕಸ್ತೂರಿ ಒಬ್ಬಳೇ.

ಕಸ್ತೂರಿ ನಮ್ಮ ಮುತ್ಯಾನ ಕುದುರೆ. ಮುತ್ಯಾ, ಅಂದರೆ ಅಪ್ಪನ ತಂದೆ, ಒಮ್ಮೆ ಬಂಡಿಯಿಂದ ಬಿದ್ದು ಸೊಂಟದ ಕೀಲು ಕೆಡಿಸಿಕೊಂಡಿದ್ದ. ಮನೆಯೊಳಗೆ ಕೋಲು ಹಿಡಿದು ಹೇಗೋ ಓಡಾಡುತ್ತಿದ್ದ, ಹೊಲದವರೆಗೆ ನಡೆಯುವುದು ಆಗದು. ವಾಡಿ ಸ್ಟೇಷನ್ನಿನ ಮುಂದೆ ಆಟೋಗಳು ಹೆಚ್ಚಾಗಿ ಟಾಂಗಾಗಳು ನಿಂತುಹೋದಾಗ ಅಲ್ಲಿಂದ ಈ ಹೆಣ್ಣು ಕುದುರೆಯನ್ನು ಕೊಂಡುತಂದ. ತಂದವನೇ ಅವಳ ಕಾಲಿನ ಲಾಳಗಳನ್ನು ಕೀಳಿಸಿ ಹಾಕಿದ. ನಮ್ಮದು ಎರೆ ಹೊಲ, ಮೆತ್ತನೆಯ ಕಪ್ಪು ಮಣ್ಣು, ಅದರಲ್ಲಿ ತಿರುಗಲು ಕಬ್ಬಿಣ ಯಾಕೆ ಎಂಬುದು ಅವನ ವಾದ. ಕೆಲವು ವರ್ಷ ಅದು ಸರಿಯಾಗಿಯೇ ನಡೆಯಿತು. ದಿನಾ ಮುಂಜಾನೆ ಅಂಗಳದ ಕಟ್ಟೆಯ ಪಕ್ಕಕ್ಕೆ ಕಸ್ತೂರಿ ಬಂದು ನಿಲ್ಲುವಳು, ಮುತ್ಯಾ ಕಟ್ಟೆ ಹತ್ತಿ ಅವಳ ಬೆನ್ನಿಗೆ ಜಾರುವನು. ಬೆನ್ನಿನ ಮೇಲೆ ಕುಳಿತ ಮುತ್ಯಾ ಬೇರೆಯೇ ಮನುಷ್ಯ. ಹಾದಿಯಲ್ಲಿ ಸಿಕ್ಕವರನ್ನೆಲ್ಲ ಮಾತನಾಡಿಸುವುದು, ಮಾತು ಮುಗಿಯುವ ಮೊದಲೇ ಊಟಕ್ಕೆ ಕರೆಯುವುದು:

“ಮಧ್ಯಾನ ಊಟಕ್ಕ ಮನಿಗಿ ಬಾರಪ್ಪ. ಸುಮ್ಮ ಬಾಯಿ ಮಾತಿಗಿ ಅನ್ಲಿಕತ್ತಿಲ್ಲ, ಬರಲೇಬೇಕು ನೋಡು.”

ಕರೆಸಿಕೊಂಡವರಲ್ಲಿ ಕೆಲವರು ಬರುತ್ತಿದ್ದರು, ಕೆಲವರು ಬರುತ್ತಿರಲಿಲ್ಲ. ಯಾರು ಬರುತ್ತಾರೆ ಎನ್ನುವುದು ಮುತ್ಯಾನಿಗೂ ಗೊತ್ತಿಲ್ಲ. ಆದ್ದರಿಂದ ಆಯಿ ದಿನಾ ಬೋಗುಣಿ ತುಂಬ ಅಡುಗೆ ಮಾಡುತ್ತಿದ್ದಳು. ಬಂದವರಿಗೆ ಊಟ ಸಾಲದಾಗುವುದು ಅವಳ ಪ್ರಕಾರ ಮನೆಗೆ ಬೆಂಕಿ ಬಿದ್ದ ಹಾಗೆ. ಬಾರದವರ ಪಾಲು ಕಸ್ತೂರಿಗೆ. ಜೋಳದ ರೊಟ್ಟಿ, ಬೇಳೆ ಕಲಸಿದ ಅನ್ನ, ಬೆಲ್ಲದ ಗೋಧಿ ಹುಗ್ಗಿ, ಚಪಾತಿ ಪುಡಿಗೆ ಬೆಲ್ಲ ಕಲಸಿದ ಮಾಲ್ದಿ. ಕಸ್ತೂರಿಯ ಮೈ ತುಂಬಿತು, ಕತ್ತಿನ ಮೇಲೆ ಕೊಬ್ಬಿನ ದಿಂಡು ಎದ್ದಿತು. ನೋಡಿದವರು ಹೊಗಳುವರು. ಆಯಿ ಅವರೆದುರು ಮೂಗು ಮುರಿದು, ಅವರು ಹೋದ ಮೇಲೆ ಕುದುರೆಗೆ ದೃಷ್ಟಿ ತೆಗೆಯುವಳು.

ಆ ವರ್ಷ ಮಳೆಗಾಲಕ್ಕೆ ಮುಂಚೆ ನಮ್ಮ ಹೊಲದ ಹಾದಿಗೆ ಖಡಿ ಹಾಸಿದರು. ಡಾಂಬರು ಯಾವಾಗಲೋ ಬರುವುದಿತ್ತು, ಸದ್ಯಕ್ಕೆ ಬರೀ ಚೂಪು ಕಲ್ಲು. ಅದಾಗಿ ಕೆಲವೇ ದಿನಗಳಲ್ಲಿ ಕಸ್ತೂರಿ ಬಿಸಿ ನೆಲದ ಮೇಲೆ ಕಾಲಿಟ್ಟವಳ ಹಾಗೆ ಗಿಡ್ಡ ಗಿಡ್ಡ ಹೆಜ್ಜೆ ಹಾಕತೊಡಗಿದಳು. ತಿರುಗುವಾಗಲಂತೂ ಮುಂಗಾಲು ಎತ್ತಲಾರಳು, ಇಡಲಾರಳು. ನಿಂತರೆ ಮುಂಗಾಲನ್ನು ಮುಂದಕ್ಕೆ ಚಾಚಿ ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಲ್ಲುವಳು. ಮುತ್ಯಾ ಒಂದು ದಿನ ಅರ್ಧ ಹಾದಿಯಲ್ಲಿ ಅವಳ ಬೆನ್ನಿನಿಂದ ಇಳಿದು, ಯಾರದೋ ಬಂಡಿಯಲ್ಲಿ ಮನೆಗೆ ಬಂದ. ಮತ್ತೆ ಏರಲಿಲ್ಲ. ಊರಿಗೆ ಊರೇ ಖಡಿಗೆ ಬೈಯಿತು. ಚಿತ್ತಾಪುರದಿಂದ ಬಂದ ದನದ ಡಾಕ್ಟರರೂ ಕಾಲೆತ್ತಿಸಿ ನೋಡಿ, ಕಲ್ಲು ಒತ್ತಿ ಅಂಗಾಲು ನೊಂದಿರಬೇಕು ಎಂದರು, ನೋವಿಗೆ ಇಂಜೆಕ್ಷನ್ ಕೊಟ್ಟರು, ವಿಶ್ರಾಂತಿ ಹೇಳಿದರು. ಇಂಜೆಕ್ಷನ್ ಇಳಿದ ಮೇಲೆ ನೋವು ಮರಳಿ ಬಂತು. ನನ್ನಪ್ಪ ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆಯ ಕೆಲಸದಲ್ಲಿದ್ದ, ರಜೆಯ ದಿನ ಮಾತ್ರ ಊರಿಗೆ ಬರುತ್ತಿದ್ದ. ಮೆತ್ತನೆಯ ಮನುಷ್ಯ, ಯಾರ ನೋವನ್ನೂ ನೋಡಲಾರದವನು. ಒಂದು ರಜೆಗೆ ಬರುವಾಗ ಶಹಾಬಾದಿನ ರಸೂಲಭಾಯಿಯನ್ನು ಜೊತೆಗೆ ಕರೆತಂದ. ರಸೂಲಭಾಯಿ ಮದುವೆ ಮೆರವಣಿಗೆಗೆ ಕುದುರೆ ಕೊಡುವವನು. ಅವನು ಕಸ್ತೂರಿಯ ಮುಂಗಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕುಳಿತ. ಗೊರಸಿನ ಮುಂದಿನ ಅಂಚು ಬೆಳೆದು ಮುಂದಕ್ಕೆ ಚಾಚಿತ್ತು. ಅದನ್ನು ಅರದಿಂದ ಉಜ್ಜಿ ಹಿಂದಕ್ಕೆ ತಂದ.

“ನಾಲ್ ಹೊಡದ್ರ ಜರಾ ಆರಾಮ್ ಆಗ್ತದ ಗೌಡ್ರೆ. ಕಲ್ಲು ನೇರ ತಾಗಲ್ಲ.”

“ಈಗರೇ ಕಾಲು ನೆಲಕ್ಕ ಇಡ್ಲಿಕ್ಕಾಗ್ವಲ್ದು. ಅದಕ್ಕ ಮ್ಯಾಲ ಲಾಳದ ಮೊಳಿ ಬ್ಯಾರೆ ಬಡಿಸ್ಲೇನು?” ಎಂದ ಮುತ್ಯಾ.

ಆಗ ಅಪ್ಪ ನೆಲ ನೋಡುತ್ತ ತಾನು ಹೇಳಬೇಕೆಂದು ಬಂದದ್ದನ್ನು ಹೇಳಿದ:

“ಯಪ್ಪಾ, ಅಕಿ ನರಳೋದು ನನಗ ನೋಡ್ಲಿಕ್ಕ ಆಗ್ವಲ್ದು. ರಸೂಲಭಾಯಿ ಕುದುರಿ ಜೋಡಿ ಹುಟ್ಟಿ ಬೆಳದಂವ. ಅವಗ ಕೊಟ್ಟುಬಿಡಮು.”

ಕೊಡುವುದೆಂದರೆ ಏನೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕಸ್ತೂರಿ ಹೋದ ದಿನದಿಂದ ಮುತ್ಯಾ ಕಟ್ಟೆಯ ಮೇಲೆ ಕುಳಿತವನು ಕಟ್ಟೆಯ ಮೇಲೆಯೇ.

“ತೊಗರಿ ರಾಶಿ ಆಗೋ ತನಾ ನೋಡಮು,” ಎಂದ ಮುತ್ಯಾ, ಅಂದರೆ ಚಳಿಗಾಲದ ಒಕ್ಕಣೆಯವರೆಗೆ. “ಅಷ್ಟ್ರಾಗ ನೆಟ್ಟಗ ಆಗ್ಲಿಲ್ಲಂದ್ರ ಒಯ್ಯಿರಿ.”

ಇಲ್ಲಿಂದ ಮುಂದೆ ಕಥೆ ನನ್ನ ಅವ್ವನ ಕೈಗೆ ಬರುತ್ತದೆ. ಅವ್ವ ಚಿಂಚೋಳಿ ಕಡೆಯವಳು, ಓದಿದ್ದು ಏಳನೆಯ ಇಯತ್ತೆ. ಅವಳಿಗೆ ಒಂದು ಚಟವಿತ್ತು. ಯಾವುದಾದರೂ ವಸ್ತು ಹೀಗೇಕಿದೆ ಎಂದು ಅನ್ನಿಸಿದರೆ ಉತ್ತರ ಸಿಗುವವರೆಗೆ ಕೈಯಲ್ಲಿದ್ದ ಕೆಲಸ ಬಿಟ್ಟುಬಿಡುವಳು. ಎಷ್ಟೋ ಸಲ ಹಂಚಿನ ಮೇಲೆ ರೊಟ್ಟಿ ಕರಿಯಾಗಿದ್ದು ಇದಕ್ಕೇ. ಕಸ್ತೂರಿಗೆ ಯಾವ ನೆಲ ಹಿತವೆಂದು ಎಲ್ಲರೂ ಒಂದೊಂದು ಹೇಳುತ್ತಿರುವಾಗ ಅವ್ವ, “ಅಕಿಗೇ ಕೇಳಮು” ಎಂದಳು. ಕಾಗಿಣಾ ನದಿಯಿಂದ ಬುಟ್ಟಿಯಲ್ಲಿ ಉಸುಕು ಹೊರಿಸಿ ತಂದು ಅಂಗಳದ ಒಂದು ಮೂಲೆಗೆ ಹಾಸಿದಳು. ಇನ್ನೊಂದು ಮೂಲೆಗೆ ಹೊಲದ ಎರೆ ಮಣ್ಣು, ನೀರು ಚಿಮುಕಿಸಿ ಮೆತ್ತಗೆ ಮಾಡಿದ್ದು. ಮೂರನೆಯದಕ್ಕೆ ಅಪ್ಪ ವಾಡಿಯ ಗುಜರಿ ಅಂಗಡಿಯಿಂದ ತಂದ ಹಳೆಯ ರಬ್ಬರ್ ಬೆಲ್ಟು, ಕಲ್ಲು ಸಾಗಿಸುವ ದಪ್ಪನೆಯದು. ನಾಲ್ಕನೆಯ ಮೂಲೆಯಲ್ಲಿ ಇದ್ದ ಫರಸಿಯನ್ನೇ ಬಿಟ್ಟಳು. ಕಸ್ತೂರಿಯ ಹಗ್ಗ ಬಿಚ್ಚಿ, “ನೀ ಇಲ್ಲಿ ಕುಂತು ನೋಡು, ಎಲ್ಲಿ ಭಾಳ ಹೊತ್ತು ನಿಲ್ತಾಳ ಅಂತ” ಎಂದು ನನಗೆ ಹೇಳಿ ಅಡುಗೆಮನೆಗೆ ಹೋದಳು. ನನಗೆ ಜೀವನದಲ್ಲಿ ಸಿಕ್ಕ ಮೊದಲ ನೌಕರಿ ಅದು. ಉಚ್ಚೆ ಬಂದರೂ ತಡೆದುಕೊಂಡು ಕುಳಿತೆ.

ಕಸ್ತೂರಿ ಉಸುಕು ಆರಿಸಿಕೊಂಡಳು. ಮುಂಜಾನೆ ಅಲ್ಲೇ, ಮಧ್ಯಾಹ್ನ ಅಲ್ಲೇ. ಮನೆಯಲ್ಲಿ ಸಂಭ್ರಮ. ಮುತ್ಯಾ ಕೊಟ್ಟಿಗೆಗೆಲ್ಲ ಉಸುಕು ತುಂಬಿಸಲು ಬಂಡಿ ಗೊತ್ತುಮಾಡಿದ. ನಾನು ಇಡೀ ಓಣಿಗೆ ಸುದ್ದಿ ಮುಟ್ಟಿಸಿ ಬಂದೆ. ಅವ್ವ ಮಾತ್ರ ಹುಬ್ಬು ಗಂಟಿಕ್ಕಿ ನಿಂತಿದ್ದಳು. ಮರುದಿನ ಉಸುಕನ್ನೆಲ್ಲ ಬಳಿದು ಬೆಲ್ಟಿದ್ದ ಮೂಲೆಗೆ ಹಾಕಿ, ಬೆಲ್ಟನ್ನು ಉಸುಕಿದ್ದಲ್ಲಿಗೆ ಎಳೆದಳು. ಆಯಿಗೆ ಸಿಟ್ಟು ಬಂತು, ಕುದುರೆ ಬಾಯಿಬಿಟ್ಟು ಹೇಳಿದ ಮೇಲೂ ಇದೇನು ಹುಚ್ಚಾಟ ಎಂದು. ಕಸ್ತೂರಿ ಈಗ ದಿನವಿಡೀ ಬೆಲ್ಟಿನ ಮೇಲೆ ನಿಂತಳು. ಅವ್ವ ಅದರ ಮರುದಿನ ಬೆಲ್ಟನ್ನೂ ತೆಗೆದು ಆ ಮೂಲೆಯಲ್ಲಿ ಬರೀ ಕಲ್ಲು ಬಿಟ್ಟಳು. ಕಸ್ತೂರಿ ಬಂದು ಆ ಕಲ್ಲಿನ ಮೇಲೇ ನಿಂತಳು, ಮುಂಗಾಲು ಚಾಚಿ, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ, ನೋವಿನಿಂದ ತುಟಿ ಬಿಗಿಹಿಡಿದು. ಮೆತ್ತನೆಯ ಉಸುಕು ನಾಲ್ಕು ಹೆಜ್ಜೆ ದೂರದಲ್ಲಿತ್ತು. ಆ ಮೂಲೆಯ ಮಗ್ಗುಲಲ್ಲಿ ಇದ್ದದ್ದು ಅಡುಗೆಮನೆಯ ಹಿಂಬಾಗಿಲು, ಅಲ್ಲಿಂದಲೇ ಆಯಿಯ ಬಕೆಟ್ಟು ಹೊರಗೆ ಬರುತ್ತಿದ್ದುದು. ಅವ್ವ ಹೊಸ್ತಿಲ ಮೇಲೆ ಕುಸಿದು ಕುಳಿತು ನಕ್ಕಳು:

“ಇಕಿ ಕಾಲಿಲೆ ಉತ್ತರ ಕೊಡ್ಲಿಕತ್ತಿಲ್ಲ ನೋಡವ್ವ. ಹೊಟ್ಟಿಲೆ ಕೊಡ್ಲಿಕತ್ತಾಳ.”

ಕೇಳಿದ ಪ್ರಶ್ನೆಯನ್ನೇ ಜಾಗ ಬದಲಿಸಿ ಮತ್ತೆ ಕೇಳಬೇಕು ಎಂದು ನಾನು ಮುಂದೆ ಎಷ್ಟು ಮಕ್ಕಳಿಗೆ ಹೇಳಿದ್ದೇನೋ. ಹೇಳುವಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಬೆವರುತ್ತ ಬೆಲ್ಟು ಎಳೆಯುತ್ತಿದ್ದ ಅವ್ವ. ಹೊಟ್ಟೆಯ ವಿಷಯ ತಲೆಗೆ ಹೊಕ್ಕ ಮೇಲೆ ಅವಳು ಬಕೆಟ್ಟಿನ ಮೇಲೆ ಕಣ್ಣಿಟ್ಟಳು. ಅದು ಶ್ರಾವಣ, ಒಂದಲ್ಲ ಒಂದು ಹಬ್ಬ, ಸಿಹಿಯಿಲ್ಲದ ದಿನ ಕಡಿಮೆ. ಹುಗ್ಗಿ ಮಿಕ್ಕಿದ ದಿನದ ಮರುದಿನ ಕಸ್ತೂರಿಗೆ ತಿರುಗಲೂ ಆಗುತ್ತಿರಲಿಲ್ಲ. ಸೋಮವಾರ ಮನೆಯವರೆಲ್ಲ ಒಪ್ಪತ್ತು ಇರುತ್ತಿದ್ದೆವು, ಬಕೆಟ್ಟು ಖಾಲಿ. ಮಂಗಳವಾರ ಅವಳ ಹೆಜ್ಜೆ ಒಂದಿಷ್ಟು ಸಡಿಲ. ಒಂದು ಮುಂಜಾನೆ ಅವ್ವ ನನ್ನ ಅಂಗೈ ಹಿಡಿದು ಗೊರಸಿಗೆ ಹಚ್ಚಿದಳು. ಉಗುರಿನಂಥ ಗಟ್ಟಿ ಗೊರಸು, ಮಳೆಗಾಲದ ತಣ್ಣನೆಯ ಮುಂಜಾನೆ, ಆದರೂ ಕಾಸಿದ ಹಾಲಿನ ಚರಿಗೆ ಮುಟ್ಟಿದಷ್ಟು ಬೆಚ್ಚಗೆ. ಹಿಮ್ಮಡಿಯ ಮೇಲ್ಭಾಗದಲ್ಲಿ ಬೆರಳಿಟ್ಟರೆ ನಾಡಿ ಡಬಡಬ ಬಡಿಯುತ್ತಿತ್ತು. ಕಲ್ಲು ಚುಚ್ಚಿದ್ದರೆ ನಾಲ್ಕು ದಿನ ನಿಂತರೆ ಆರಬೇಕಲ್ಲ, ನಿಂತೇ ಇದ್ದರೂ ಈ ಕಾವು ಯಾಕೆ? ಅವ್ವ ಇದನ್ನು ಕೇಳಿಕೊಂಡು ಬಸ್ಸು ಹತ್ತಿ ಚಿತ್ತಾಪುರಕ್ಕೆ ಹೋದಳು, ನಾನೂ ಬೆನ್ನು ಹತ್ತಿದೆ. ಡಾಕ್ಟರರು ಅರ್ಧ ಕೇಳಿದವರೇ ಕುರ್ಚಿ ಮುಂದಕ್ಕೆ ಎಳೆದುಕೊಂಡರು:

“ಅವತ್ತ ನಾ ಕಾಲಷ್ಟೇ ನೋಡಿದೆ ತಂಗಿ, ಏನು ತಿಂತದ ಅಂತ ಕೇಳಲೇ ಇಲ್ಲ. ನೀವು ಬಂದಿದ್ದು ಭಾಳ ಚಲೋ ಆಯ್ತು.”

ಕುದುರೆಗೆ ಧಾನ್ಯ, ಬೆಲ್ಲ ಹೆಚ್ಚಾದರೆ ಹೊಟ್ಟೆಯಲ್ಲಿ ಕೆಡುತ್ತದೆ, ಅದರ ಬಾಧೆ ಗೊರಸಿಗೆ ಇಳಿಯುತ್ತದೆ ಎಂದು ಅವರು ಬಿಡಿಸಿ ಹೇಳಿದರು. ಗೊರಸಿನ ಒಳಗಿನ ಮಾಂಸ ಬಾತುಕೊಳ್ಳುತ್ತದೆ, ಹೊರಗಿನ ಗೊರಸು ಹಿಗ್ಗುವುದಿಲ್ಲ. ಬೆರಳು ಬಾತಾಗ ಬಿಗಿ ಉಂಗುರ ಹಾಕಿದಂತೆ, ಮೈಯ ಭಾರವೆಲ್ಲ ಆ ಉಂಗುರದ ಮೇಲೆ. ಮನುಷ್ಯರ ಊಟ ಪೂರಾ ಬಂದ್ ಮಾಡಿ, ಒಣ ಹುಲ್ಲು ಮತ್ತು ನೀರು ಕೊಡಿ, ಕಾಲ ಕೆಳಗೆ ದಪ್ಪಗೆ ಉಸುಕು ಹಾಕಿ, ಕಾವಿದ್ದಾಗ ನದಿಯ ತಣ್ಣೀರಿನಲ್ಲಿ ನಿಲ್ಲಿಸಿ, ಮುಂದಿನ ಅಂಚು ಬೆಳೆಯಗೊಡಬೇಡಿ ಎಂದರು. ಕಲ್ಲಿನದೂ ತಪ್ಪಿತ್ತು. ಆದರೆ ನೊಂದ ಕಾಲಿಗಷ್ಟೇ ಕಲ್ಲು ಅಷ್ಟು ಚುಚ್ಚುತ್ತಿದ್ದುದು. ಮರಳುವ ದಾರಿಯುದ್ದಕ್ಕೂ ಉತ್ತರ ಸಿಕ್ಕ ಖುಷಿಗಿಂತ, ಅದನ್ನು ಮನೆಯಲ್ಲಿ ಯಾರಿಗೆ ಹೇಳಬೇಕಾಗಿದೆ ಎಂಬ ಭಯವೇ ಅವ್ವನಿಗೆ ಹೆಚ್ಚು. ನನಗೂ ಅಂಜಿಕೆಯಾಗಿತ್ತು.

“ಅತ್ತಿ, ಕಸ್ತೂರಿಗಿ ಇನ್ನ ಮ್ಯಾಲ ನಮ್ಮ ಊಟ ಹಾಕೋದು ಬ್ಯಾಡ್ರಿ. ಅದೇ ಅಕಿ ಕಾಲಿಗಿ ಇಳದದಂತ.”

“ಲಿಂಗಕ್ಕ ತೋರಿಸಿದ ಅನ್ನ ರೋಗ ತರ್ತದಂತಿ? ನನ್ನ ಬಾಯಿ ಮುಂದ ನಿಂತು ಅಂತಿ?”

“ಅನ್ನದ ತಪ್ಪಲ್ರಿ ಅತ್ತಿ. ಅಕಿ ಹೊಟ್ಟಿ ನಮ್ಮ ಹೊಟ್ಟಿಯಂಥದಲ್ರಿ.”

“ಎತ್ತು, ಎಮ್ಮಿ ಇದನ್ನೇ ತಿಂದು ಗುಂಡಗ ಇದ್ದವು.”

“ಅವು ಮೆಲುಕು ಹಾಕ್ತಿದ್ದವು. ಇಕಿ ಹಾಕಂಗಿಲ್ರಿ.”

ಆಯಿ ಸೆರಗಿನಿಂದ ಒಲೆಯ ಮೇಲಿದ್ದ ಬೋಗುಣಿ ಇಳಿಸಿ ಫರಸಿಯ ಮೇಲೆ ಕುಕ್ಕಿದಳು. ಪ್ರಸಾದದಿಂದ ಕೇಡಾಗುತ್ತದೆ ಎಂದು ಸೊಸೆ ಹೇಳಿದ್ದು ಅವಳ ಎದೆಗೆ ನಾಟಿತ್ತು. ಪಡಸಾಲೆಯಲ್ಲಿ ಮುತ್ಯಾ ಎಲ್ಲ ಕೇಳಿಸಿಕೊಂಡೂ ಏನೂ ಕೇಳದವನಂತೆ ಅಡಕೆ ಕತ್ತರಿಸುತ್ತಿದ್ದ. ಮರುದಿನದಿಂದ ಬಕೆಟ್ಟು ಹಿಂಬಾಗಿಲಿಗೆ ಬರಲಿಲ್ಲ. ಆಯಿ ಅವ್ವನ ಜೊತೆ ಮಾತು ಬಿಟ್ಟಳು. ಏನಾದರೂ ಹೇಳುವುದಿದ್ದರೆ ನನ್ನ ಕಡೆ ತಿರುಗಿ, ‘ನಿಮ್ಮವ್ವಗ ಹೇಳು’ ಎನ್ನುವಳು, ಅವ್ವ ಎರಡಡಿ ದೂರದಲ್ಲೇ ರೊಟ್ಟಿ ಬಡಿಯುತ್ತಿದ್ದರೂ. ಕಸ್ತೂರಿ ಖಾಲಿ ಬಾಗಿಲಿಗೆ ಮೂಗು ಹಚ್ಚಿ ನಿಲ್ಲುತ್ತಿದ್ದಳು. ಒಳಗೆ ಆಯಿ ಕಣ್ಣೊರೆಸಿಕೊಳ್ಳುತ್ತಿದ್ದಳು. ನನಗೆ ಇಬ್ಬರನ್ನು ನೋಡಿಯೂ ಅಳು ಬರುತ್ತಿತ್ತು, ಆದರೂ ಒಂದು ಪ್ರಶ್ನೆ ತಲೆಯಲ್ಲಿ ಹುಳದಂತೆ ಕೊರೆಯುತ್ತಿತ್ತು. ಅಡುಗೆ ಹಿಂದಿನಷ್ಟೇ ಆಗುತ್ತಿದೆ, ಕುದುರೆಗೆ ಹಾಕುತ್ತಿಲ್ಲ, ತಿಪ್ಪೆಗೂ ಬಿದ್ದಿಲ್ಲ. ಹಾಗಿದ್ದರೆ ಮಿಕ್ಕದ್ದು ಎಲ್ಲಿ? ಅವ್ವನಿಗೆ ಹೇಳಿದೆ. ಒಂದು ಮಧ್ಯಾಹ್ನ ಮುತ್ಯಾ ಒರಗಿದ ಮೇಲೆ ನಾವಿಬ್ಬರೂ ಅಡುಗೆಮನೆಗೆ ಇಣುಕಿದೆವು. ನಮ್ಮೆಲ್ಲರ ಜೊತೆ ಆಗಲೇ ಉಂಡಿದ್ದ ಆಯಿ, ಗೋಡೆಗೆ ಮುಖ ಮಾಡಿ ಕುಳಿತು ಹಿಂದಿನ ದಿನದ ಹುಗ್ಗಿಯನ್ನು ಒತ್ತಾಯದಿಂದ ನುಂಗುತ್ತಿದ್ದಳು. ತುತ್ತಿಗೊಮ್ಮೆ ನೀರು ಕುಡಿಯುತ್ತಿದ್ದಳು.

“ಇದೇನ್ರಿ ಅತ್ತಿ!”

“ಕುದುರಿಗಿ ಹಾಕಬ್ಯಾಡಂದಿ, ಹಾಕಿಲ್ಲ. ತಿಪ್ಪಿಗಿ ನಾ ಹಾಕಂಗಿಲ್ಲ.”

“ಹಂಗಾದ್ರ ಅಡಗಿ ಜರಾ ಕಡಿಮಿ ಮಾಡಬಾರದೇನ್ರಿ? ಈಗ ಊಟಕ್ಕ ಯಾರೂ ಬರ್ಲಿಕತ್ತಿಲ್ಲಲ್ಲ.”

ಆಯಿಯ ಕೈ ತಾಟಿನಲ್ಲೇ ನಿಂತಿತು. ಬಹಳ ದಿನಗಳ ಮೇಲೆ ಅವ್ವನ ಮುಖ ನೋಡಿ ಮಾತಾಡಿದಳು:

“ಕಡಿಮಿ ಮಾಡಿದ್ರ ಅವರಿಗಿ ತಿಳೀತದಲ್ಲ.”

“ಏನ್ ತಿಳೀತದ್ರಿ?”

“ಇನ್ನ ಇವರು ಹೊರಗ ಹೋಗಂಗಿಲ್ಲ, ಯಾರಿಗೂ ಕರಕೊಂಡು ಬರಂಗಿಲ್ಲ ಅಂತ ನಾ ಅನ್ಕೊಂಡೀನಿ ಅಂತ. ಕಟ್ಟಿ ಮ್ಯಾಲ ಕುಂತು ದಿನಾ ಬೋಗುಣಿ ಕಡಿಗೇ ನೋಡ್ತಾರ. ನನ್ನ ಕೈಲೆ ಅದನ್ನ ಸಣ್ಣದು ಮಾಡ್ಲಿಕ್ಕ ಆಗಂಗಿಲ್ಲ ನೋಡವ್ವ.”

ಇದು ನಮಗೆ ಯಾರಿಗೂ ಹೊಳೆದಿರಲಿಲ್ಲ, ಎಲ್ಲದಕ್ಕೂ ಪ್ರಶ್ನೆ ಕೇಳುವ ಅವ್ವನಿಗೂ. ಮುತ್ಯಾ ಮನೆಯಲ್ಲಿ ಕುಳಿತ ಮೇಲೆ ಅತಿಥಿಗಳು ನಿಂತರು, ಅಡುಗೆ ನಿಲ್ಲಲಿಲ್ಲ. ಮಿಕ್ಕದ್ದು ಹೆಚ್ಚಾಯಿತು, ಕಸ್ತೂರಿಯ ಹೊಟ್ಟೆಗೆ ಹೆಚ್ಚು ಹೋಯಿತು, ಅವಳ ಕಾಲು ಇನ್ನೂ ಕೆಟ್ಟಿತು. ಗಂಡನ ಮನಸ್ಸು ನೋಯಬಾರದೆಂದು ಆಯಿ ಮಾಡಿದ ಅಡುಗೆಯೇ ಅವನನ್ನು ಕಟ್ಟೆಗೆ ಕಟ್ಟಿಹಾಕಿತ್ತು. ಅವ್ವ ಆಯಿಯ ಮಗ್ಗುಲಲ್ಲಿ ಕುಳಿತು, ತಾಟನ್ನು ತನ್ನ ಕಡೆ ಎಳೆದುಕೊಂಡು ಉಳಿದ ಹುಗ್ಗಿ ತಿಂದಳು. ನನಗೂ ಒಂದು ತುತ್ತು ಬಂತು, ಹುಳಿ ವಾಸನೆ ಹೊಡೆಯುತ್ತಿತ್ತು. ಮೂವರೂ ಸೇರಿ ತಾಟು ತೊಳೆದು ಕುಡಿದೆವು.

ಮರುದಿನ ಆಯಿ ಅಟ್ಟದಿಂದ ಸಣ್ಣ ಬೋಗುಣಿ ಇಳಿಸಿದಳು. ಊಟಕ್ಕೆ ಕುಳಿತ ಮುತ್ಯಾ ಅದನ್ನೇ ನೋಡಿದ.

“ಬೋಗುಣಿ ಸಣ್ಣದಾಯ್ತಲ್ಲ?”

“ಹೂಂ, ಸಣ್ಣದಾಯ್ತು. ಕಸ್ತೂರಿ ಕಾಲು ನೆಟ್ಟಗ ಆಗೋ ತನಾ ಇದೇ. ಆಮ್ಯಾಲ ನೀವು ಊರಿಗೂರೇ ಕರೀರಿ, ನಾ ಮಾಡಿ ಹಾಕ್ತೀನಿ.”

ಮುತ್ಯಾ ತಲೆಯಾಡಿಸಿ, ರೊಟ್ಟಿ ಮುರಿದ. ಅವತ್ತಿನಿಂದ ಕಸ್ತೂರಿಯ ಉಪಚಾರಕ್ಕೆ ಮನೆಯೇ ಎದ್ದು ನಿಂತಿತು. ಕೊಟ್ಟಿಗೆಗೆ ಉಸುಕು ತುಂಬಿತು. ಮುಂಜಾನೆ ಅವಳನ್ನು ನಿಧಾನವಾಗಿ ಕಾಗಿಣಾಕ್ಕೆ ನಡೆಸಿ, ಮೊಣಕಾಲುದ್ದ ನೀರಿನಲ್ಲಿ ನಿಲ್ಲಿಸುತ್ತಿದ್ದೆವು. ನೀರಿಗೆ ಇಳಿದ ಕೂಡಲೇ ಅವಳು ಮೂಗಿನಿಂದ ಉದ್ದನೆಯ ಉಸಿರು ಬಿಡುವಳು, ಆ ಸದ್ದು ಕೇಳಲೆಂದೇ ನಾನು ಹೋಗುತ್ತಿದ್ದೆ. ನದಿಯವರೆಗಿನ ಹಾದಿಗೆ ಅವ್ವ ಅವಳಿಗೆ ಬೂಟು ಹೊಲಿದಳು. ಕೆಳಗೆ ಬೆಲ್ಟಿನ ತುಂಡು, ಒಳಗೆ ಹಳೆಯ ಕೌದಿಯ ಪದರ, ಸುತ್ತ ಗೋಣಿ ತಟ್ಟು, ದಬ್ಬಣದ ಹೊಲಿಗೆ. ಮೊದಲ ಜೋಡಿ ಓಣಿ ದಾಟುವುದರೊಳಗೆ ಕಳಚಿಬಿತ್ತು, ಎರಡನೆಯದು ತಿರುಗಿ ಹಿಂದುಮುಂದಾಯಿತು. ಊರವರು ನಗುತ್ತಿದ್ದರು. ಮೂರನೆಯದು ನಿಂತಿತು. ರಸೂಲಭಾಯಿ ಸೇಡಂ ಕಡೆ ಮೆರವಣಿಗೆಗೆ ಹೋದಾಗಲೆಲ್ಲ ಇಳಿದು ಬಂದು ಗೊರಸಿನ ಅಂಚು ಉಜ್ಜಿ ಹೋಗುತ್ತಿದ್ದ, ಆ ಬೂಟನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದ. ನನಗೆ ಒಂದು ಹೊಸ ಕೆಲಸ ಸಿಕ್ಕಿತ್ತು. ಕೆಟ್ಟ ತಿಂಗಳುಗಳಲ್ಲಿ ಬೆಳೆದ ಗೊರಸಿನ ಮೇಲೆ ಸುಕ್ಕಿನಂಥ ಒಂದು ಗೆರೆ ಮೂಡಿತ್ತು. ಗೊರಸು ಬೆಳೆದಂತೆ ಆ ಗೆರೆ ಕೆಳಗಿಳಿಯುತ್ತಿತ್ತು, ಅದರ ಮೇಲೆ ನುಣ್ಣನೆಯ ಹೊಸ ಗೊರಸು. ದಿನಾ ನೋಡಿದರೆ ಏನೂ ಕಾಣದು. ತೊಗರಿ ಹೂ ಬಿಡುವಾಗ ನೋಡಿದ್ದನ್ನು ಕಾಯಿ ಬಲಿಯುವಾಗ ನೆನೆಸಿಕೊಂಡರೆ ಮಾತ್ರ ಗೊತ್ತಾಗುತ್ತಿತ್ತು. ಕಳೆದುಹೋದ ಕಷ್ಟವನ್ನು ಹೀಗೆ ಕಾಲಿನ ಮೇಲೆ ಓದಬಹುದೆಂದು ತಿಳಿದು ನನಗೆ ಬಹಳ ಬೆರಗಾಗಿತ್ತು.

ಚಳಿಗಾಲದಲ್ಲಿ ತೊಗರಿ ರಾಶಿಯ ಹೊತ್ತಿಗೆ ಆ ಗೆರೆ ಅರ್ಧಕ್ಕೆ ಇಳಿದಿತ್ತು. ಗೊರಸು ತಣ್ಣಗಿತ್ತು, ಕತ್ತಿನ ದಿಂಡು ಕರಗಿತ್ತು. ಕಸ್ತೂರಿ ಅಂಗಳದಲ್ಲಿ ತಾನಾಗಿ ತಿರುಗುತ್ತಿದ್ದಳು. ಆದರೆ ಬೆನ್ನ ಮೇಲೆ ಭಾರ ಹೊತ್ತು ಹೊಲದವರೆಗೆ ಹೋದಾಳೇ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಮಾತಿನ ಪ್ರಕಾರ ರಸೂಲಭಾಯಿ ಬರುವ ದಿನ ಮುಂಜಾನೆ, ಯಾರನ್ನೂ ಕೇಳದೆ, ಮುತ್ಯಾ ಕಟ್ಟೆ ಹತ್ತಿ ಅವಳ ಬೆನ್ನಿಗೆ ಜಾರಿದ. ಖಡಿ ಹಾದಿ ಬಿಟ್ಟು ಬದುವಿನ ಮೇಲಿನ ಮಣ್ಣಿನ ದಾರಿ ಹಿಡಿದ. ಅವ್ವ ಬಾಗಿಲಲ್ಲಿ ನಿಂತು ಕಸ್ತೂರಿ ಕಣ್ಮರೆಯಾಗುವವರೆಗೆ ಅವಳ ಕಾಲನ್ನೇ ನೋಡಿದಳು. ಆಯಿ ಒಳಗಿನಿಂದ ಹೊರಗೆ ಬರಲೇ ಇಲ್ಲ. ರಸೂಲಭಾಯಿ ಬಂದು ಕಟ್ಟೆಯ ಮೇಲೆ ಕುಳಿತ, ರಜೆಗೆ ಬಂದಿದ್ದ ಅಪ್ಪ ಅವನ ಜೊತೆ ಕುಳಿತ. ಬಿಸಿಲೇರಿತು. ನಾನು ಓಣಿಯ ಕೊನೆಗೂ ಮನೆಗೂ ಓಡಾಡಿ ಸುಸ್ತಾದೆ. ಕೊನೆಗೆ ಅಂಗಾಲಿಗೆ ಒಂದು ಸಣ್ಣ ನಡುಕ ಬಂದಂತಾಯಿತು, ಆಮೇಲೆ ಸದ್ದು. ಕುಂಟು ಹೆಜ್ಜೆಯಲ್ಲ, ನಾಲ್ಕೂ ಕಾಲು ಒಂದೇ ತಾಳಕ್ಕೆ ಬೀಳುವ ಸದ್ದು. ಕಸ್ತೂರಿಯ ಮೇಲೆ ಮುತ್ಯಾ, ಮೈತುಂಬ ತೊಗರಿಯ ಹೊಟ್ಟು, ಹಿಂದೆ ರಾಶಿಗೆ ಬಂದಿದ್ದ ಹೆಂಗಸರು ಗಂಡಸರ ದಂಡು. ಬಾಗಿಲಿಗೆ ಬರುವ ಮೊದಲೇ ಅವನ ದನಿ ಕೇಳಿತು:

“ಎಲ್ಲಾರಿಗೂ ಊಟಕ್ಕ ಕರಕೊಂಡು ಬಂದೀನಿ. ರಸೂಲಭಾಯಿ, ನೀನೂ ಏಳು, ಕಾಲು ತೊಳಕೋ. ಕುದುರಿ ಮಾತು ಆಮ್ಯಾಲ.”

ರಸೂಲಭಾಯಿ ಎದ್ದು ಕಸ್ತೂರಿಯ ಮುಂಗಾಲೆತ್ತಿ ಗೊರಸಿಗೆ ಅಂಗೈ ಹಚ್ಚಿದ. ಆಮೇಲೆ ಕೈಕಾಲು ತೊಳೆಯಲು ಹೋದ. ಕುದುರೆಯ ಮಾತು ಮತ್ತೆ ಯಾರೂ ಎತ್ತಲಿಲ್ಲ. ಒಳಗೆ ಸಣ್ಣ ಬೋಗುಣಿಯ ಬೇಳೆ ಮೊದಲ ಪಂಕ್ತಿಗೇ ತಳ ಕಂಡಿತು. ಅವ್ವ ಹಿಟ್ಟು ನಾದುತ್ತ, ನಾನು ಓಣಿಯ ಮನೆಗಳಿಗೆ ಓಡಿ ರೊಟ್ಟಿ, ಶೇಂಗಾ ಹಿಂಡಿಯೆಂಬ ಚಟ್ನಿಪುಡಿ ತರುತ್ತ ಇದ್ದರೂ, ಬಡಿಸಿದ್ದು ಸಾಲದೆ ಜನ ಕೈ ಕಟ್ಟಿ ಕಾಯುತ್ತ ಕುಳಿತರು. ಆಯಿ ತಲೆತಿರುಗಿ ಬೀಳುತ್ತಾಳೇನೋ ಎಂದು ನಾನು ಅಂಜಿ ಅಡುಗೆಮನೆಗೆ ಹೋದೆ. ಅವಳು ಖಾಲಿ ಬೋಗುಣಿಯನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗು ಬಾಯಿಗೆ ಹಚ್ಚಿ ನಗುತ್ತಿದ್ದಳು, ಕಣ್ಣಲ್ಲಿ ನೀರು. ಅವಳಿಗೂ ಅವ್ವನಿಗೂ ಒಂದು ರೊಟ್ಟಿಯೂ ಉಳಿದಿರಲಿಲ್ಲ. ಸಂಜೆ ಬಾವಿಗೆ ಹೋದಾಗ, ಗುಡಿಗೆ ಹೋದಾಗ, ಹಾದಿಯಲ್ಲಿ ಸಿಕ್ಕ ಪ್ರತಿಯೊಬ್ಬರನ್ನೂ ಆಯಿ ನಿಲ್ಲಿಸಿ ಅದನ್ನೇ ಹೇಳಿಕೊಂಡು ಬಂದಳು:

“ನಮ್ಮ ಮನ್ಯಾಗ ಇವತ್ತ ಅಡಗಿ ಸಾಲಲಿಲ್ಲ ನೋಡ್ರಿ.”